ಸಂಕಲ್ಪದಲ್ಲಿ ಯಾವ ನದಿಯ ಹೆಸರು?

ಈ ಸಂಚಿಕೆಯ ಪ್ರಶ್ನೋತ್ತರಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚು ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರವು. ಅಲ್ಲಿ ಮೂವತ್ತೊಂದು ವರ್ಷ ಕಳೆದು ಮೈಸೂರಿಗೆ ಮರಳಿರುವ ನನಗೆ ಅವನ್ನು ಓದುವಾಗ, ಒಂದು ಕಾಲಕ್ಕೆ ನಾನೇ ಯಾರನ್ನು ಕೇಳುವುದೆಂದು ತಿಳಿಯದೆ ಒಳಗೇ ಇಟ್ಟುಕೊಂಡಿದ್ದ ಪ್ರಶ್ನೆಗಳು ನೆನಪಾದವು. 2021ರ ಜನಗಣತಿಯಂತೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹಿಂದೂಗಳೆಂದು ಬರೆಸಿಕೊಂಡವರು ಸುಮಾರು 10.3 ಲಕ್ಷ, ಎಂದರೆ ನೂರಕ್ಕೆ 1.7 ಮಂದಿ. ಊರಿನಲ್ಲಿ ಬಹುಸಂಖ್ಯಾತರಾಗಿ ಹುಟ್ಟಿ ಬೆಳೆದವರಿಗೆ ಈ 1.7ರೊಳಗೆ ಬದುಕುವುದನ್ನು ಯಾರೂ ಕಲಿಸಿರುವುದಿಲ್ಲ. ನಾನು ಪುರೋಹಿತನೂ ಅಲ್ಲ, ವಕೀಲನೂ ಅಲ್ಲ; ಕಂಡದ್ದನ್ನು, ಕೇಳಿ ತಿಳಿದದ್ದನ್ನು ಹೇಳುತ್ತೇನೆ. ಕೇಳಿದವರ ಹೆಸರನ್ನು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ಹಾಸನದಲ್ಲಿರುವ ನಮ್ಮ ಅತ್ತೆಯವರು ಏಕಾದಶಿ ಮಂಗಳವಾರವೆಂದು ಫೋನಿನಲ್ಲಿ ಹೇಳಿದರೆ, ಇಲ್ಲಿಯ ದೇವಸ್ಥಾನದ ಕ್ಯಾಲೆಂಡರಿನಲ್ಲಿ ಸೋಮವಾರವೆಂದಿರುತ್ತದೆ. ಅತ್ತೆಯವರ ಮಾತನ್ನು ಮೀರಿದಂತಾಗುವುದೆಂಬ ಅಳುಕು ನನಗೆ. ಯಾವುದು ಸರಿ? ಇನ್ನೊಂದು ಸಂಶಯ: ನಮ್ಮ ಯಜಮಾನರು ಪೂಜೆಗೆ ಕುಳಿತಾಗ ‘ಗೋದಾವರ್ಯಾ ದಕ್ಷಿಣೇ ತೀರೇ’ ಎಂದೇ ಸಂಕಲ್ಪ ಮಾಡುತ್ತಾರೆ. ಗೋದಾವರಿ ಎಲ್ಲಿ, ನಾವೆಲ್ಲಿ? — ಓದುಗಿ, ರೆಡಿಂಗ್

ಉತ್ತರ: ನಿಮ್ಮ ಎರಡನೆಯ ಸಂಶಯವನ್ನು ಮೊದಲು ಎತ್ತಿಕೊಂಡರೆ ಮೊದಲನೆಯದು ತಾನಾಗಿ ಬಿಡಿಸಿಕೊಳ್ಳುತ್ತದೆ. ಸಂಕಲ್ಪವೆಂದರೆ ಕರ್ಮಕ್ಕೆ ತೊಡಗುವ ಮೊದಲು ಯಾರು, ಯಾವಾಗ, ಎಲ್ಲಿ ಕುಳಿತು, ಏನು ಮಾಡುತ್ತಿದ್ದೇವೆ ಎಂದು ಬಾಯಿಬಿಟ್ಟು ಹೇಳುವುದು. ಶ್ವೇತವರಾಹ ಕಲ್ಪದಿಂದ ಹೊರಟು ಮನ್ವಂತರ, ಯುಗ, ದ್ವೀಪ, ವರ್ಷ, ಖಂಡ, ನದೀತೀರಗಳನ್ನು ದಾಟಿ, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರಗಳನ್ನು ಎಣಿಸಿಕೊಂಡು, ಕೊನೆಗೆ ಗೋತ್ರ ಮತ್ತು ಹೆಸರಿನೊಡನೆ ನೀವು ಕುಳಿತ ಮಣೆಯವರೆಗೆ ಬಂದು ನಿಲ್ಲುವ ವಿಳಾಸ ಅದು. ಅಂಥ ವಿಳಾಸದಲ್ಲಿ ರೆಡಿಂಗ್‌ನಲ್ಲಿ ಕುಳಿತವರು ಗೋದಾವರಿಯ ದಕ್ಷಿಣ ತೀರವೆಂದರೆ ಲಕೋಟೆಯ ಮೇಲೆ ಊರು ತಪ್ಪಿ ಬರೆದಂತಾಗುತ್ತದೆ. ನಾನು ಕಂಡ ಪುರೋಹಿತರಲ್ಲಿ ಕೆಲವರು ಅಲ್ಲಿ ಥೇಮ್ಸ್ ನದಿಯ ಹೆಸರನ್ನೇ ಹೇಳಿಸುತ್ತಿದ್ದರು. ನಿಮ್ಮ ಮನೆ ಪೇಟೆಯ ಕಡೆಗಿದ್ದರೆ ಅದು ಥೇಮ್ಸ್‌ನ ದಕ್ಷಿಣ ತೀರ. ಸೇತುವೆ ದಾಟಿ ಕ್ಯಾವರ್‌ಶಮ್‌ನಲ್ಲಿದ್ದರೆ ಉತ್ತರ ತೀರ. ದ್ವೀಪ, ವರ್ಷಗಳ ಹೆಸರಿನಲ್ಲಿ ಮಾತ್ರ ಪುರೋಹಿತರ ನಡುವೆ ಏಕಮತವಿಲ್ಲ. ಅಷ್ಟನ್ನು ನಿಮ್ಮ ಮನೆಯ ಪುರೋಹಿತರಿಗೇ ಬಿಡಿ.

ಇನ್ನು ಏಕಾದಶಿ. ಚಂದ್ರನು ಸೂರ್ಯನಿಂದ ಹನ್ನೆರಡು ಡಿಗ್ರಿ ದೂರ ಸರಿಯಲು ಹಿಡಿಯುವ ಕಾಲವೇ ಒಂದು ತಿಥಿ. ಅದು ಸುಮಾರು 19 ಗಂಟೆಯಿಂದ 26 ಗಂಟೆಯವರೆಗೆ ಹಿಗ್ಗಿ ಕುಗ್ಗುತ್ತದೆ. ತಿಥಿ ತೊಡಗುವ ಕ್ಷಣ, ಮುಗಿಯುವ ಕ್ಷಣ ಭೂಮಿಗೆಲ್ಲ ಒಂದೇ. ಆದರೆ ದಿನಕ್ಕೆ ತಿಥಿಯ ಹೆಸರು ಬರುವುದು ಆಯಾ ಊರಿನ ಸೂರ್ಯೋದಯದಿಂದ. ಜನವರಿಯ ಒಂದು ಏಕಾದಶಿಯು ಭಾರತದ ಸೋಮವಾರ ಬೆಳಿಗ್ಗೆ 9 ಗಂಟೆಗೆ ತೊಡಗಿ ಮಂಗಳವಾರ ಬೆಳಿಗ್ಗೆ 8 ಗಂಟೆಗೆ ಮುಗಿಯುತ್ತದೆ ಎಂದಿಟ್ಟುಕೊಳ್ಳಿ. ಹಾಸನದಲ್ಲಿ ಸೋಮವಾರ ಸೂರ್ಯ ಮೂಡಿದಾಗ ಇನ್ನೂ ದಶಮಿ. ಮಂಗಳವಾರ ಮೂಡಿದಾಗ ಏಕಾದಶಿ. ಅದೇ ತಿಥಿ ನಿಮ್ಮ ಗಡಿಯಾರದಲ್ಲಿ ಸೋಮವಾರ ನಸುಕಿನ 3.30ಕ್ಕೆ ತೊಡಗಿ ಮಂಗಳವಾರ ನಸುಕಿನ 2.30ಕ್ಕೇ ಮುಗಿದುಹೋಗುತ್ತದೆ. ಚಳಿಗಾಲದಲ್ಲಿ ಎಂಟು ಗಂಟೆಗೆ ಮೂಡುವ ನಿಮ್ಮ ಸೂರ್ಯನು ಏಕಾದಶಿಯನ್ನು ಕಾಣುವುದು ಸೋಮವಾರ ಮಾತ್ರ. ಆದ್ದರಿಂದ ಅತ್ತೆಯವರೂ ಸರಿ, ದೇವಸ್ಥಾನದವರೂ ಸರಿ. ಇದು ಸ್ಥೂಲ ಲೆಕ್ಕ. ನಿಮ್ಮದು ಮಾಧ್ವರ ಮನೆಯಾದರೆ ಅರುಣೋದಯದ ದಶಮೀವೇಧವನ್ನೂ, ಎಂದರೆ ಸೂರ್ಯ ಮೂಡುವ ಮೊದಲಿನ ನಸುಕಿನಲ್ಲಿ ದಶಮಿ ಇನ್ನೂ ಉಳಿದಿದೆಯೇ ಎಂಬುದನ್ನೂ, ನೋಡಬೇಕಾಗುವುದರಿಂದ ನಿಮ್ಮ ಸಂಪ್ರದಾಯದವರೇ ಬ್ರಿಟನ್ನಿಗೆಂದು ಗಣಿಸಿದ ಪಟ್ಟಿಯನ್ನು ತರಿಸಿಕೊಳ್ಳುವುದು ಲೇಸು.

ಊರಿನಿಂದ ಪೆಟ್ಟಿಗೆಯಲ್ಲಿಟ್ಟು ತಂದ ಪಂಚಾಂಗವನ್ನು ಗೋಡೆಗೆ ತೂಗುಹಾಕಿ, ಗಂಟೆಗಳನ್ನೂ ಅದರಂತೆಯೇ ಹಿಡಿಯುವ ಮನೆಗಳನ್ನು ನಾನು ಬಹಳ ಕಂಡಿದ್ದೇನೆ. ರಾಹುಕಾಲವೆಂದರೆ ಒಂದೂವರೆ ಗಂಟೆ ಎಂಬುದು ಹಗಲು ಹನ್ನೆರಡು ಗಂಟೆಯಿರುವ ದೇಶದ ಮಾತು. ಅದು ಹಗಲಿನ ಎಂಟರಲ್ಲೊಂದು ಭಾಗ. ಲಂಡನ್ನಿನ ಡಿಸೆಂಬರಿನಲ್ಲಿ ಹಗಲು ಎಂಟು ಗಂಟೆಯೂ ಇರುವುದಿಲ್ಲವಾದ್ದರಿಂದ ರಾಹುಕಾಲ ಒಂದು ಗಂಟೆಗೂ ಕಡಿಮೆ. ಜೂನಿನಲ್ಲಿ ಎರಡು ಗಂಟೆಗೂ ಹೆಚ್ಚು. ಜೂನಿನ ಸಂಕಷ್ಟಿಯ ದಿನ ಚಂದ್ರೋದಯಕ್ಕಾಗಿ ಮಧ್ಯರಾತ್ರಿಯ ಹತ್ತಿರದವರೆಗೆ ಕಾಯಬೇಕಾಗುತ್ತದೆ. ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ಗಂಡಹೆಂಡಿರು ಅರೆನಿದ್ದೆಯಲ್ಲಿ ಮೋದಕ ತಿನ್ನುವುದನ್ನು ನೋಡಿ ಗಣಪತಿಗೂ ನಗು ಬಂದೀತು. ನಾನು ಇಟ್ಟುಕೊಂಡಿದ್ದ ನಿಯಮ ಇಷ್ಟೇ: ವ್ರತವನ್ನು ನಾನಿರುವ ಊರಿನ ಸೂರ್ಯಚಂದ್ರರಂತೆ ಅದರ ದಿನದಂದೇ ಮಾಡುವುದು, ನಾಲ್ಕು ಮನೆಯವರು ಕೂಡಿ ಊಟ ಮಾಡುವ ಉತ್ಸವವನ್ನು ಶನಿವಾರಕ್ಕೆ ಇಟ್ಟುಕೊಳ್ಳುವುದು. ಇವೆರಡನ್ನು ಬೆರೆಸಿದಾಗಲೇ ಜಗಳಗಳು ಹುಟ್ಟುತ್ತಿದ್ದವು. ಅತ್ತೆಯವರಿಗೆ ಹೇಳಿ: ಇಬ್ಬರೂ ಉಪವಾಸವಿರುವುದು ಅದೇ ತಿಥಿಗೆ, ಸೂರ್ಯ ಮಾತ್ರ ನಿಮ್ಮ ಮನೆಗೆ ಮೊದಲು ಬರುತ್ತಾನೆ ಎಂದು. ಅವರು ಒಪ್ಪದಿದ್ದರೆ ವರ್ಷಕ್ಕೊಮ್ಮೆ, ವೈಕುಂಠ ಏಕಾದಶಿಗಷ್ಟೇ, ಎರಡು ದಿನ ಉಪವಾಸವಿದ್ದುಬಿಡಿ. ಅತ್ತೆಸೊಸೆಯರ ನಡುವಿನ ಶಾಂತಿಗೂ ಪುಣ್ಯವಿದೆ.

ಪ್ರಶ್ನೆ: ಬಾಡಿಗೆ ಫ್ಲಾಟಿನಲ್ಲಿದ್ದೇವೆ. ಗಣಹೋಮ ಮಾಡಿಸಬೇಕೆಂದಿದೆ. ಹೊಗೆಯ ಅಲಾರಂಗೆ ಪ್ಲಾಸ್ಟಿಕ್ ಚೀಲ ಕಟ್ಟಿದರೆ ಸಾಕೆಂದು ಮಿತ್ರರು ಹೇಳುತ್ತಾರೆ. ಸರಿಯೇ? — ಓದುಗರು, ಮ್ಯಾಂಚೆಸ್ಟರ್

ಉತ್ತರ: ಸರಿಯಲ್ಲ; ಖಂಡಿತ ಮಾಡಬೇಡಿ. ನಿಮ್ಮ ಬಾಡಿಗೆಯ ಕರಾರಿಗೂ ಅದು ವಿರುದ್ಧವಾಗಿದ್ದೀತು, ಮೇಲಾಗಿ ಆ ಅಲಾರಂ ಮೇಲಿನ ಮನೆಗಳಲ್ಲಿ ಮಲಗಿರುವವರ ಜೀವಕ್ಕೂ ಕಾವಲು. ಹೋಮವೇ ಆಗಬೇಕೆಂದರೆ ದೇವಸ್ಥಾನದಲ್ಲಿ ಮಾಡಿಸಿ, ಇಲ್ಲವೇ ಹಿತ್ತಲಿರುವ ಸ್ವಂತ ಮನೆಯ ಸ್ನೇಹಿತರನ್ನು ಕೇಳಿ. ಫ್ಲಾಟಿನಲ್ಲಿ ಕಲಶವಿಟ್ಟು ಗಣಪತಿ ಪೂಜೆ, ಅಥರ್ವಶೀರ್ಷದ ಪಾರಾಯಣ ಧಾರಾಳವಾಗಿ ಆಗುತ್ತದೆ. ನಾವು ಹೋದ ಹೊಸದರಲ್ಲಿ ಯಾರಿಗೂ ಹೇಳದೆ ಅಡುಗೆಮನೆಯಲ್ಲಿ ಚಿಕ್ಕ ಕುಂಡವಿಟ್ಟು ಹೋಮ ಮಾಡಿದ್ದೆವು. ಅಲಾರಂ ಕೂಗಿಕೊಂಡಿತು, ಪಕ್ಕದ ಮನೆಯ ವೃದ್ಧೆಯೊಬ್ಬರು ಒದ್ದೆ ಟವೆಲ್ ಹಿಡಿದು ಬಾಗಿಲು ಬಡಿದರು. ವಿಷಯ ತಿಳಿದ ಮೇಲೆ ಆಕೆ ಕೋಟು ಬಿಚ್ಚಿ, ಪೂರ್ಣಾಹುತಿ ಮುಗಿಯುವವರೆಗೆ ನಮ್ಮೊಡನೆ ಕುಳಿತಿದ್ದರು. ಮುಂದೆ ಆ ಮನೆಯಲ್ಲಿದ್ದಷ್ಟು ಕಾಲ, ಗಂಟೆ ಬಾರಿಸುವ ಪೂಜೆಯಿದ್ದರೂ ಹಿಂದಿನ ದಿನ ಆಕೆಗೆ ಹೇಳಿಬರುವುದನ್ನು ನನ್ನ ಹೆಂಡತಿ ತಪ್ಪಿಸಲಿಲ್ಲ.

ಪ್ರಶ್ನೆ: ನಮ್ಮ ತಂದೆಯವರಿಗೆ ಎಪ್ಪತ್ತೊಂಬತ್ತು. ಅಮ್ಮ ಹೋದ ಮೇಲೆ ತುಮಕೂರಿನಿಂದ ನಮ್ಮಲ್ಲಿಗೆ ಬಂದು ಆರು ವರ್ಷವಾಯಿತು. ಆರೋಗ್ಯವಾಗಿಯೇ ಇದ್ದಾರೆ. ಆದರೆ ಇತ್ತೀಚೆಗೆ ಪರಿಚಿತರೊಬ್ಬರ ಅಂತ್ಯಕ್ರಿಯೆಗೆ ಹೋಗಿಬಂದ ಮೇಲೆ, ‘ನನ್ನನ್ನು ಪೆಟ್ಟಿಗೆಯಲ್ಲಿಟ್ಟು ಗ್ಯಾಸಿನಲ್ಲಿ ಸುಡಬೇಡಿ, ನಾಲ್ಕು ಸೌದೆ ಇಟ್ಟು ಸುಡಿ’ ಎನ್ನುತ್ತಿದ್ದಾರೆ. ಇಂಥ ಮಾತನ್ನು ಮುಂದುವರಿಸುವುದೇ ಅಪಶಕುನವೆಂದು ನನ್ನ ತಂಗಿ ಗದರುತ್ತಾಳೆ. ನಾವು ಏನು ಮಾಡಬಹುದು? — ಓದುಗರು, ಲೆಸ್ಟರ್

ಉತ್ತರ: ತಂಗಿಯವರ ಅಂಜಿಕೆ ಸಹಜ. ಆದರೂ ತಂದೆಯವರೊಡನೆ ಕುಳಿತು ಮಾತಾಡಿ. ಊರಿನಲ್ಲಾದರೆ ಈ ಮಾತು ಬೇಕಿರಲಿಲ್ಲ. ಸಾವಿನ ಮನೆಗೆ ನೆಂಟರು, ನೆರೆಯವರು, ಪುರೋಹಿತರು ತಾವಾಗಿ ಬಂದು, ಯಾರು ಏನು ಮಾಡಬೇಕೆಂಬುದು ಯಾರೂ ಹೇಳದೆಯೇ ನಡೆದುಹೋಗುತ್ತಿತ್ತು. ಬ್ರಿಟನ್ನಿನಲ್ಲಿ ನೀವು ಹೇಳದಿದ್ದರೆ ಯಾವುದೂ ಆಗುವುದಿಲ್ಲ.

ಮೊದಲು ಸೌದೆಯ ಮಾತು. ನ್ಯೂಕಾಸಲ್‌ನ ದೇವೇಂದರ್ ಘಾಯ್ ಎಂಬ ಹಿರಿಯರು ತಮ್ಮ ದೇಹವನ್ನು ಚಿತೆಯ ಮೇಲೆ, ಸೂರ್ಯನ ಬೆಳಕು ಬೀಳುವಂತೆ ದಹಿಸಬೇಕೆಂದು ಕೇಳಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2009ರಲ್ಲಿ ಹೈಕೋರ್ಟ್ ನಿರಾಕರಿಸಿತು. 2010ರ ಫೆಬ್ರುವರಿಯಲ್ಲಿ ಮೇಲ್ಮನವಿ ನ್ಯಾಯಾಲಯವು, ಗೋಡೆಗಳಿದ್ದು ಮೇಲ್ಛಾವಣಿಯಲ್ಲಿ ತೆರಪಿರುವ ರಚನೆಯನ್ನೂ ಕಾನೂನಿನ ದೃಷ್ಟಿಯಲ್ಲಿ ಕಟ್ಟಡವೆಂದೇ ಎಣಿಸಬಹುದು, ಅಂಥದರೊಳಗೆ ಚಿತೆಯ ದಹನಕ್ಕೆ 1902ರ ದಹನ ಕಾಯ್ದೆ ಅಡ್ಡಿಯಾಗದು ಎಂದು ತೀರ್ಪಿತ್ತಿತು. ಬಯಲಿನಲ್ಲಿ, ನದೀತೀರದಲ್ಲಿ ಚಿತೆ ಹಚ್ಚಬಹುದೆಂದು ಅದರ ಅರ್ಥವಲ್ಲ. ಅಂಥ ಕಟ್ಟಡ ಕಟ್ಟಲು ಬೇರೆ ಅನುಮತಿಗಳು ಬೇಕು. ಆದ್ದರಿಂದ ಒಂದು ಮನೆಯವರು ತಾವೇ ಏರ್ಪಾಡು ಮಾಡಿಕೊಳ್ಳುವಂಥ ಸಂಗತಿ ಇದಲ್ಲವೆಂದು ತಂದೆಯವರಿಗೆ ಮುಚ್ಚುಮರೆಯಿಲ್ಲದೆ ಹೇಳಿಬಿಡಿ.

ಆದರೆ ಅವರಿಗೆ ಇನ್ನೊಂದು ಕಥೆಯನ್ನೂ ಹೇಳಿ. ರಾಜಾ ರಾಮಮೋಹನ ರಾಯರು 1833ರಲ್ಲಿ ಬ್ರಿಸ್ಟಲ್‌ನಲ್ಲಿ ತೀರಿಕೊಂಡಾಗ ಆ ದೇಶದಲ್ಲಿ ದಹನವೆಂಬ ಪದ್ಧತಿಯೇ ಇರಲಿಲ್ಲವಾಗಿ ಅವರನ್ನು ಹೂಳಲಾಯಿತು. ಆರ್ನೋಸ್ ವೇಲ್ ಸ್ಮಶಾನದಲ್ಲಿ ಅವರ ಸಮಾಧಿಯನ್ನು ಈಗಲೂ ಕಾಣಬಹುದು. ಹೆಣ ಸುಡುವುದು ಅಪರಾಧವಲ್ಲವೆಂದು ಅಲ್ಲಿಯ ನ್ಯಾಯಾಧೀಶರೊಬ್ಬರು ಹೇಳಿದ್ದು 1884ರಲ್ಲಿ, ತನ್ನ ಎಳೆಯ ಮಗುವಿನ ದೇಹವನ್ನು ಗುಡ್ಡದ ಮೇಲೆ ಸುಡಲು ಹೋಗಿ ಜನರ ಕೋಪಕ್ಕೆ ಸಿಕ್ಕಿಬಿದ್ದ ವಿಲಿಯಂ ಪ್ರೈಸ್ ಎಂಬ ವೇಲ್ಸ್‌ನ ವೈದ್ಯರ ಮೊಕದ್ದಮೆಯಲ್ಲಿ. ಮರುವರ್ಷ ವೋಕಿಂಗ್‌ನ ದಹನಗೃಹ ಕೆಲಸಕ್ಕೆ ತೊಡಗಿತು. ಈಗ ಬ್ರಿಟನ್ನಿನಲ್ಲಿ ತೀರಿಕೊಂಡವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿಗೆ ದಹನವೇ ಆಗುತ್ತದೆ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಬ್ರೈಟನ್ನಿನ ಆಸ್ಪತ್ರೆಗಳಲ್ಲಿ ಅಸುನೀಗಿದ 53 ಹಿಂದೂ ಮತ್ತು ಸಿಖ್ ಸೈನಿಕರನ್ನು ಊರಾಚೆಯ ಗುಡ್ಡದ ಮೇಲೆ ಬಯಲಿನಲ್ಲೇ ದಹನ ಮಾಡಿದ ಜಾಗವೂ ಇದೆ. 1921ರಲ್ಲಿ ಅಲ್ಲಿ ಬಿಳಿಯ ಅಮೃತಶಿಲೆಯ ಛತ್ರಿಯೊಂದನ್ನು ನಿಲ್ಲಿಸಿದರು. ಬಿಸಿಲಿರುವ ಒಂದು ಭಾನುವಾರ ತಂದೆಯವರನ್ನು ಅಲ್ಲಿಗೆ ಕರೆದೊಯ್ಯಿರಿ. ಗುಡ್ಡದ ನಡಿಗೆ ಸ್ವಲ್ಪ ದೂರವಿದೆ, ನಿಧಾನವಾಗಿ ನಡೆಸಿ. ನಮ್ಮ ಮಾವನವರನ್ನು ನಾನು ಕರೆದೊಯ್ದಾಗ ಅವರು ಬಹಳ ಹೊತ್ತು ಮಾತಾಡದೆ ನಿಂತಿದ್ದು, ಆಮೇಲೆ ‘ಇಲ್ಲಿ ನಮ್ಮವರು ಮೊದಲೇ ಬಂದುಹೋಗಿದ್ದಾರೆ’ ಎಂದಿದ್ದರು. ಗ್ಯಾಸಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಇನ್ನು ಕೈಯಿಂದ ಆಗಬೇಕಾದ ಕೆಲಸಗಳು. ಊರಿನಲ್ಲಿ ಅಂದೇ ದಹನವಾದರೆ ಅಲ್ಲಿ ವಾರ, ಹತ್ತು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ; 2024ರ ಸೆಪ್ಟೆಂಬರ್‌ನಿಂದ ಪ್ರತಿಯೊಂದು ಸಾವಿನ ಕಾರಣವನ್ನೂ ವೈದ್ಯಕೀಯ ಪರೀಕ್ಷಕರು ಇಲ್ಲವೇ ಕಾರೊನರ್ (ಸಂಶಯದ ಸಾವುಗಳನ್ನು ವಿಚಾರಿಸುವ ಅಧಿಕಾರಿ) ನೋಡಿಯೇ ಮುಂದಿನ ಕಾಗದಪತ್ರವಾಗಬೇಕು. ಹೀಗಿರುವಾಗ ಸೂತಕದ ದಿನಗಳನ್ನು ಸಾವಿನಿಂದ ಎಣಿಸುವುದೋ ದಹನದಿಂದಲೋ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದನ್ನು ನಿಮ್ಮ ಕುಲಪುರೋಹಿತರಿಂದ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಲೆಸ್ಟರ್‌ನಲ್ಲಿ ನೂರಕ್ಕೆ ಹದಿನೆಂಟರಷ್ಟು ಜನ ಹಿಂದೂಗಳಿರುವುದರಿಂದ ನಮ್ಮ ಪದ್ಧತಿ ಬಲ್ಲ ಫ್ಯೂನರಲ್ ಡೈರೆಕ್ಟರುಗಳು ಅಲ್ಲಿ ಸುಲಭವಾಗಿ ಸಿಗುತ್ತಾರೆ. ಸ್ನಾನ ಮಾಡಿಸಿ ಪಂಚೆ ಉಡಿಸಲು ಮನೆಯವರಿಗೆ ಅವಕಾಶ ಕೊಡುವರೋ, ಬಾಯಿಗೆ ತುಳಸಿ ಗಂಗೋದಕ ಹಾಕಬಹುದೋ, ಪೆಟ್ಟಿಗೆಯೊಳಗೆ ಏನೇನು ಇಡಬಾರದು ಎಂಬುದನ್ನು ಅವರಿಂದ ತಿಳಿದುಕೊಳ್ಳಿ. ಪೇಸ್‌ಮೇಕರ್ ಇದ್ದರೆ ಅದನ್ನು ತೆಗೆಸಲೇಬೇಕು, ಕುಲುಮೆಯ ಶಾಖಕ್ಕೆ ಅದು ಸಿಡಿಯುತ್ತದೆ. ಪೆಟ್ಟಿಗೆಯನ್ನು ಕುಲುಮೆಗೆ ಸೇರಿಸುವಾಗ ಮಗನು ಅಲ್ಲಿ ನಿಲ್ಲಬಹುದೆ, ಗುಂಡಿಯನ್ನು ಅವನೇ ಒತ್ತಬಹುದೆ ಎಂದೂ ಕೇಳಿ. ಅನೇಕ ಕಡೆ ಒಪ್ಪುತ್ತಾರೆ, ಆದರೆ ಮೊದಲೇ ಹೇಳಿರಬೇಕು. ಆ ಗುಂಡಿಯೇ ಅಲ್ಲಿಯ ಕೊಳ್ಳಿ. ಸಮಯವನ್ನು ಒಂದರ ಬದಲು ಎರಡು ಪಾಳಿಗೆ ಗೊತ್ತುಮಾಡಿಕೊಳ್ಳಿ. ನಮ್ಮ ಮಾವನವರ ದಿನ, ಹೆಸರು ಹೇಳುವುದು ಬೇಡವಾದ ಒಂದು ದಹನಗೃಹದಲ್ಲಿ, ಪುರೋಹಿತರ ಮಂತ್ರ ಅರ್ಧದಲ್ಲಿರುವಾಗಲೇ ಮುಂದಿನ ಕುಟುಂಬದವರು ಬಾಗಿಲಲ್ಲಿ ಹೂವು ಹಿಡಿದು ನಿಂತಿದ್ದರು. ತಪ್ಪು ಅವರದಲ್ಲ, ಒಂದೇ ಪಾಳಿ ಹಿಡಿದ ನನ್ನದು.

ಅಸ್ಥಿಸಂಚಯನದ ವಿಷಯದಲ್ಲಿ ಮನಸ್ಸನ್ನು ಸಿದ್ಧಮಾಡಿಕೊಂಡಿರಿ: ಆರಿಸಿಕೊಳ್ಳಲು ಎಲುಬಿನ ಚೂರುಗಳಿರುವುದಿಲ್ಲ, ಯಂತ್ರದಲ್ಲಿ ಪುಡಿಮಾಡಿದ ಬೂದಿಯನ್ನು ಡಬ್ಬಿಯಲ್ಲಿ ಕೊಡುತ್ತಾರೆ. ಅದನ್ನು ಅಲ್ಲಿಯ ನದಿಯಲ್ಲಿ ಬಿಡುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ನಿಮ್ಮ ಹತ್ತಿರದ ಸೋರ್ ನದಿಯಲ್ಲೇ ಹಿಂದೂ ಮತ್ತು ಸಿಖ್ ಕುಟುಂಬಗಳು ದೋಣಿಯಲ್ಲಿ ಹೋಗಿ ವಿಸರ್ಜಿಸುವುದುಂಟು. ಪ್ಲಾಸ್ಟಿಕ್, ಲೋಹ, ದಾರ ಕಟ್ಟಿದ ಹಾರ ಇವುಗಳನ್ನು ಮಾತ್ರ ನೀರಿಗೆ ಹಾಕಬೇಡಿ. ಶ್ರೀರಂಗಪಟ್ಟಣಕ್ಕೇ ತರಬೇಕೆಂದಿದ್ದರೆ ಮರಣಪತ್ರ, ದಹನಪತ್ರ ಇಟ್ಟುಕೊಂಡು, ಹೊರಡುವ ಮೊದಲು ಭಾರತದ ಹೈಕಮಿಷನ್ನಿನಲ್ಲೂ ವಿಮಾನ ಸಂಸ್ಥೆಯಲ್ಲೂ ವಿಚಾರಿಸಿ. ಯಾವ ನದಿಯೆಂಬುದನ್ನು ತಂದೆಯವರನ್ನೇ ಕೇಳಿ. ಇಂಥ ಪ್ರಶ್ನೆಗೆ ಹಿರಿಯರು ನಾವೆಣಿಸಿದಷ್ಟು ನೊಂದುಕೊಳ್ಳುವುದಿಲ್ಲ.

ಪ್ರಶ್ನೆ: ನಾವು ಲಿಂಗಾಯತರು. ನಮ್ಮಲ್ಲಿ ಕೂರಿಸಿ ಹೂಳುವುದು ರೂಢಿ. ಇಲ್ಲಿ ಆಗುತ್ತದೆಯೇ? ಹಾಗೆಯೇ ಮುಂದಿನ ತಿಂಗಳು ನನಗೊಂದು ಶಸ್ತ್ರಚಿಕಿತ್ಸೆಯಿದೆ. ಇಷ್ಟಲಿಂಗವನ್ನು ತೆಗೆಯಬೇಕೆಂದರೆ ಏನು ಮಾಡಲಿ? — ಓದುಗಿ, ಕೊವೆಂಟ್ರಿ

ಉತ್ತರ: ಶಸ್ತ್ರಚಿಕಿತ್ಸೆಯ ಮಾತೇ ಹತ್ತಿರದ್ದಾದ್ದರಿಂದ ಅದನ್ನು ಮೊದಲು ನೋಡೋಣ. ದಾಖಲಾಗುವ ದಿನ ಗಡಿಬಿಡಿಯಲ್ಲಿ ಹೇಳುವುದಕ್ಕಿಂತ, ಮೊದಲು ನಡೆಯುವ ತಪಾಸಣೆಯ ದಿನವೇ ನರ್ಸಿಗೆ ಇದು ಆಭರಣವಲ್ಲ, ಪೂಜೆಯ ಲಿಂಗ, ಮೈಯಿಂದ ಅಗಲಿಸುವುದಿಲ್ಲ ಎಂದು ವಿವರಿಸಿ, ಕಡತದಲ್ಲಿ ಬರೆಸಿ. ಸಿಖ್ಖರ ಕಡಗದಂಥವುಗಳ ಪರಿಚಯ ಅವರಿಗಿದೆ, ಲಿಂಗವನ್ನಿಡುವ ನಿಮ್ಮ ಕರಡಿಗೆಯ ಪರಿಚಯ ಇರಲಾರದು. ಶಸ್ತ್ರ ಮುಟ್ಟುವ ಜಾಗದಿಂದ ದೂರ, ಲೋಹವಿಲ್ಲದ ವಸ್ತ್ರದಲ್ಲಿ ಕಟ್ಟಿ ಅಂಟುಪಟ್ಟಿ ಹಾಕಬಹುದೇ ಎಂದು ಕೇಳಿ; ವೈದ್ಯರು ಬೇಡವೆಂದರೆ ನಿಮ್ಮವರೊಬ್ಬರ ಕೈಯಲ್ಲಿಟ್ಟು, ಎಚ್ಚರವಾದ ಕೂಡಲೇ ಮತ್ತೆ ಧರಿಸಿಕೊಳ್ಳಿ. ಆಸ್ಪತ್ರೆಗಳಲ್ಲಿ ಎಲ್ಲ ಧರ್ಮದವರಿಗೂ ನೆರವಾಗುವ ಚಾಪ್ಲಿನ್ಸಿ ಎಂಬ ವಿಭಾಗವಿರುತ್ತದೆ, ಅವರ ಸಹಾಯವನ್ನೂ ಪಡೆಯಬಹುದು.

ಹೂಳುವ ವಿಷಯ: ಇಂಗ್ಲೆಂಡಿನಲ್ಲಿ ಹೂಳಲು ಪೆಟ್ಟಿಗೆ ಕಡ್ಡಾಯವೆಂಬ ಕಾನೂನಿಲ್ಲ. ಬಟ್ಟೆಯಲ್ಲಿ ಸುತ್ತಿ ಹೂಳಲು ಅನುಮತಿಸುವ ಸ್ಮಶಾನಗಳಿವೆ, ಪೆಟ್ಟಿಗೆ ಬೇಕೇಬೇಕೆನ್ನುವವೂ ಇವೆ; ಆಯಾ ಸ್ಮಶಾನದ ನಿಯಮವೇ ಅಂತಿಮ. ಕೂರಿಸುವುದಕ್ಕೆ ಗುಂಡಿಯ ಅಳತೆಯೇ ಬೇರೆ ಬೇಕಾಗುವುದರಿಂದ ಒಬ್ಬೊಬ್ಬರಾಗಿ ಕಷ್ಟಕಾಲದಲ್ಲಿ ಹೋಗಿ ಕೇಳಿದರೆ ‘ಆಗದು’ ಎಂಬ ಉತ್ತರವೇ ಬರುವ ಸಂಭವ ಹೆಚ್ಚು. ನಾಲ್ಕಾರು ಕುಟುಂಬಗಳು ಸೇರಿ, ಯಾರಿಗೂ ಏನೂ ಆಗಿಲ್ಲದಿರುವಾಗ, ಊರಿನ ಕೌನ್ಸಿಲ್‌ಗೆ ಚಿತ್ರ ಸಮೇತ ಬರೆದು ಕೇಳಿ. ಆಗಲಿಲ್ಲವೆನ್ನಿ, ಮಲಗಿಸಿಯೇ ಹೂಳಬೇಕಾಯಿತೆನ್ನಿ: ಅಂಗೈಯಲ್ಲಿ ಲಿಂಗವಿದ್ದು, ವಿಭೂತಿ, ಬಿಲ್ವಪತ್ರೆಗಳಿದ್ದರೆ ಆ ಕ್ರಿಯೆ ಕೆಟ್ಟಿತೆಂದು ನನಗೆ ತೋರುವುದಿಲ್ಲ, ಆದರೂ ನಿಮ್ಮ ಮಠದ ಹಿರಿಯರ ಮಾತು ನನ್ನದಕ್ಕಿಂತ ದೊಡ್ಡದು. ನನಗಂತೂ ವಲಸೆ ಬಂದವರಲ್ಲಿ ನಿಮ್ಮನ್ನು ಕಂಡರೆ ಸ್ವಲ್ಪ ಅಸೂಯೆಯೇ ಇತ್ತು. ನಾವು ದೇವಸ್ಥಾನ ಹುಡುಕಿಕೊಂಡು ಮೋಟಾರುದಾರಿಯಲ್ಲಿ ಎರಡು ಗಂಟೆ ಕಾರು ಓಡಿಸುತ್ತಿದ್ದೆವು. ನಿಮ್ಮ ದೇವರು ನಿಮ್ಮೊಡನೆಯೇ ವಿಮಾನ ಹತ್ತಿ ಬಂದಿರುತ್ತಿದ್ದ. ಬಸವಣ್ಣನವರ ಪ್ರತಿಮೆ 2015ರ ನವೆಂಬರಿನಲ್ಲಿ ಲ್ಯಾಂಬೆತ್‌ನಲ್ಲಿ, ಥೇಮ್ಸ್‌ನ ದಡದಲ್ಲಿ ಅನಾವರಣಗೊಂಡದ್ದು ಸಂತೋಷದ ಸಂಗತಿ; ಆದರೆ ಸ್ಥಾವರವನ್ನು ಒಲ್ಲದವರಿಗೆ ಸ್ಥಾವರ ನಿಲ್ಲಿಸಿದೆವಲ್ಲ ಎಂದು ನಿಮ್ಮವರೇ ಒಬ್ಬರು ಅಲ್ಲಿ ನಿಂತು ನಕ್ಕದ್ದೂ ನೆನಪಿದೆ.

ಪ್ರಶ್ನೆ: ಮಗಳಿಗೆ ಆರು ವರ್ಷ. ಶಾಲೆಯ ಕ್ರಿಸ್‌ಮಸ್ ನಾಟಕದಲ್ಲಿ ದೇವದೂತೆಯ ಪಾತ್ರ ಕೊಟ್ಟಿದ್ದಾರೆ. ಬೆಳಗಿನ ಪ್ರಾರ್ಥನೆಯಲ್ಲೂ ಯೇಸುವಿನ ಹಾಡು. ಅಜ್ಜಿತಾತ ಬೇಸರಪಟ್ಟುಕೊಂಡಿದ್ದಾರೆ. ಬಿಡಿಸಬಹುದೇ, ಬಿಡಿಸಬೇಕೇ? — ಓದುಗರು, ಮಿಲ್ಟನ್ ಕೀನ್ಸ್

ಉತ್ತರ: ಬಿಡಿಸಬಹುದು. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ದಿನವೂ ಸಾಮೂಹಿಕ ಪ್ರಾರ್ಥನೆ ಇರಬೇಕು, ಅದು ಬಹುಪಾಲು ಕ್ರೈಸ್ತ ಸ್ವರೂಪದ್ದಾಗಿರಬೇಕು ಎಂದು 1988ರ ಶಿಕ್ಷಣ ಕಾಯ್ದೆಯಿಂದಲೂ ಇದೆ. ಮಗುವನ್ನು ಅದರಿಂದ ಪೂರ್ತಿಯಾಗಿ ಅಥವಾ ಭಾಗಶಃ ಬಿಡಿಸಿಕೊಳ್ಳುವ ಹಕ್ಕೂ ತಂದೆತಾಯಿಯರಿಗೆ ಕಾನೂನಿನಲ್ಲೇ ಇದೆ. ಬಿಡಿಸಬೇಕೇ ಎಂದರೆ, ನಾನು ಬಿಡಿಸಲಿಲ್ಲ. ನಮ್ಮಲ್ಲಿ ಕಾನ್ವೆಂಟ್ ಶಾಲೆಗಳಲ್ಲಿ ಓದಿ, ಬೆಳಿಗ್ಗೆ ಏಸುವಿನ ಹಾಡು ಹಾಡಿ ಸಂಜೆ ರಾಯರ ಮಠಕ್ಕೆ ಹೋಗಿ ಬೆಳೆದವರು ಎಷ್ಟು ಜನರಿಲ್ಲ? ಆರು ವರ್ಷದ ಹುಡುಗಿಗೆ ಬೆನ್ನಿಗೆ ಕಟ್ಟಿದ ಕಾಗದದ ರೆಕ್ಕೆ ಮುಖ್ಯವೇ ಹೊರತು ದೇವತಾಶಾಸ್ತ್ರವಲ್ಲ. ಎಲ್ಲರೂ ವೇದಿಕೆಯಲ್ಲಿರುವಾಗ ಒಬ್ಬಳೇ ಪುಸ್ತಕದ ಕೋಣೆಯಲ್ಲಿ ಕುಳಿತದ್ದು ಮಾತ್ರ ಬಹುಕಾಲ ನೆನಪಿರುತ್ತದೆ. ಅಜ್ಜಿತಾತನ ಬೇಸರಕ್ಕೆ ಮದ್ದು ಬೇರೆ: ಮನೆಯಲ್ಲಿ ಅವಳಿಗೆ ಕೊಡಬೇಕಾದದ್ದನ್ನು ಕೊಟ್ಟಿದ್ದೇವೆಯೇ? ಕೃಷ್ಣನ ಕಥೆಯನ್ನು ವಾರಕ್ಕೊಮ್ಮೆ ಅಜ್ಜಿಯೇ ವಿಡಿಯೊ ಕರೆಯಲ್ಲಿ ಹೇಳಲಿ. ಧಾರ್ಮಿಕ ಶಿಕ್ಷಣದ ಪಾಠದಲ್ಲಿ ದೀಪಾವಳಿ ಬರುವಾಗ, ನೀವೇ ಹೋಗಿ ಹಣತೆ ಹಚ್ಚಿ ತೋರಿಸುತ್ತೇವೆಂದು ಶಿಕ್ಷಕಿಗೆ ಹೇಳಿ, ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತಾರೆ. ಹಬ್ಬದ ದಿನ ರಜೆ ಬೇಕಿದ್ದರೆ ಮೊದಲೇ ಬರೆದು ಕೇಳಿ, ಧಾರ್ಮಿಕ ಆಚರಣೆಯ ದಿನಕ್ಕೆ ಅಧಿಕೃತ ಗೈರುಹಾಜರಿಯ ಏರ್ಪಾಡಿದೆ.

ನಾನು ನಿಷ್ಠುರವಾಗಿದ್ದದ್ದು ತಿನಿಸಿನ ವಿಷಯದಲ್ಲಿ. ಹುಟ್ಟುಹಬ್ಬಗಳಲ್ಲಿ ಹಂಚುವ ಜೆಲ್ಲಿ ಮಿಠಾಯಿ, ಮಾರ್ಷ್‌ಮ್ಯಾಲೋಗಳಲ್ಲಿ ಪ್ರಾಣಿಗಳ ಚರ್ಮ ಮತ್ತು ಎಲುಬಿನಿಂದ ತೆಗೆದ ಜೆಲಟಿನ್, ಕೆಲವು ಚೀಸ್‌ಗಳಲ್ಲಿ ಹಾಲು ಒಡೆಯಿಸಲು ಬಳಸುವ, ಕರುವಿನ ಜಠರದಿಂದ ತೆಗೆದ ರೆನೆಟ್ ಇರುತ್ತದೆ. ನಮ್ಮಲ್ಲಿಯಂತೆ ಹಸಿರು ಚುಕ್ಕೆ ಅಲ್ಲಿ ಕಡ್ಡಾಯವಲ್ಲ. ಸಸ್ಯಾಹಾರಿಗಳಿಗೆ ತಕ್ಕದ್ದು ಎಂಬ ಸಾಲು ಹುಡುಕಲು ಮಗಳಿಗೇ ಕಲಿಸಿ. ಓದಲು ಬಂದದ್ದೇ ತಡ, ನನ್ನ ಮಗ ಅಂಗಡಿಯಲ್ಲಿ ನಮಗಿಂತ ಕಟ್ಟುನಿಟ್ಟಾದ.

ಪ್ರಶ್ನೆ: ಹೋದ ದೇಶದಲ್ಲಿ ಅವರಂತೆ ಇರುವುದು ಬಿಟ್ಟು ನಿಮ್ಮವರೆಲ್ಲ ಯಾಕೆ ಇಷ್ಟು ಒದ್ದಾಡುತ್ತೀರಿ? — ಓದುಗರು, ಕುಶಾಲನಗರ

ಉತ್ತರ: ತಾವು ಕುಶಾಲನಗರದಿಂದ ಕೇಳಿದ್ದು ಒಳ್ಳೆಯದಾಯಿತು. ತಮ್ಮ ಮನೆಯಿಂದ ಕೆಲವೇ ಕಿಲೋಮೀಟರು ದೂರದ ಬೈಲಕುಪ್ಪೆಗೆ 1960ರ ದಶಕದ ಆರಂಭದಲ್ಲಿ ಟಿಬೆಟ್ಟಿನ ನಿರಾಶ್ರಿತರು ಬಂದಾಗ ಅಂದಿನ ಮೈಸೂರು ರಾಜ್ಯ ಅವರಿಗೆ ಕೊಟ್ಟದ್ದು ಕಾಡು ಕಡಿದು ಹಸನು ಮಾಡಿಕೊಳ್ಳಬೇಕಾಗಿದ್ದ ಸುಮಾರು ಮೂರು ಸಾವಿರ ಎಕರೆ ಜಮೀನು. 1963ರಲ್ಲಿ ನಾಮ್‌ಡ್ರೋಲಿಂಗ್ ವಿಹಾರ ತೊಡಗಿತು. ಲ್ಹಾಸಾದ ಬಳಿಯಿದ್ದ ಸೆರಾ ಮಹಾವಿಹಾರ ಇಲ್ಲಿ ಮರುಹುಟ್ಟು ಪಡೆಯಿತು. ಅವರು ಕನ್ನಡ ಕಲಿತರು, ಮುಸುಕಿನ ಜೋಳ ಬೆಳೆದರು, ಸಂತೆಗೆ ಬಂದರು, ತಮ್ಮ ಹೊಸವರ್ಷದ ಲೋಸರ್ ಹಬ್ಬವನ್ನೂ ಬಿಡಲಿಲ್ಲ. ಅವರು ಪ್ರಾರ್ಥನಾಚಕ್ರ ತಿರುಗಿಸುವುದನ್ನು ಕಂಡು ಪಿರಿಯಾಪಟ್ಟಣದವರು ‘ಬಂದ ಮೇಲೆ ನಮ್ಮಂತೆ ಇರಿ’ ಎಂದದ್ದನ್ನು ನಾನು ಕೇಳಿಲ್ಲ. ವಾರಾಂತ್ಯದಲ್ಲಿ ಮಕ್ಕಳನ್ನು ಕರೆದುಕೊಂಡು ಸ್ವರ್ಣಮಂದಿರ ನೋಡಲು ಹೋದದ್ದನ್ನು ಕಂಡಿದ್ದೇನೆ. ಅಲ್ಲಿ ಒದ್ದಾಡುವ ನಮ್ಮವರೂ ಕೇಳುವುದು ಅಷ್ಟನ್ನೇ.

ಪ್ರಶ್ನೆ: ನಾನು ಮಂಗಳೂರಿನ ಕಡೆಯ ಮುಸಲ್ಮಾನ, ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮಸೀದಿಯಲ್ಲಿ ಸಿಗುವವರು ಉರ್ದು, ಬಂಗಾಳಿ, ಅರಬ್ಬಿ ಮಾತಾಡುವವರು. ಸಲಾಂ ಆದ ಮೇಲೆ ಮಾತು ಮುಂದುವರಿಯುವುದಿಲ್ಲ. ಕನ್ನಡಕ್ಕಾಗಿ ಕನ್ನಡ ಸಂಘಕ್ಕೆ ಹೋದರೆ ಪ್ರತಿ ಕಾರ್ಯಕ್ರಮವೂ ಪೂಜೆಯಿಂದ ಆರಂಭವಾಗಿ ಪ್ರಸಾದದಿಂದ ಮುಗಿಯುತ್ತದೆ. ಯಾರೂ ಏನೂ ಅಂದಿಲ್ಲ, ಪ್ರೀತಿಯಿಂದಲೇ ಇದ್ದಾರೆ. ಆದರೂ ಆರತಿ ತಟ್ಟೆ ಹತ್ತಿರ ಬರುವಾಗ ಕೈ ಎಲ್ಲಿಡುವುದೆಂದು ತಿಳಿಯುವುದಿಲ್ಲ. ಹೋಗುವುದನ್ನು ಬಿಡಲೇ? — ಓದುಗರು, ಬ್ರಿಸ್ಟಲ್

ಉತ್ತರ: ಬಿಡಬೇಡಿ. ಆರತಿ ತಟ್ಟೆಯ ವಿಷಯ ಸುಲಭ: ನಗುತ್ತ ತಲೆಯಾಡಿಸಿ ತಟ್ಟೆಯನ್ನು ಮುಂದಿನವರಿಗೆ ಬಿಟ್ಟುಕೊಡಿ, ಯಾರೂ ತಪ್ಪು ತಿಳಿಯಲಾರರು. ಕಷ್ಟದ್ದು ಉಳಿದದ್ದು, ಅದಕ್ಕೆ ಉತ್ತರ ಕೊಡಬೇಕಾದವರು ನೀವಲ್ಲ, ನನ್ನಂಥವರು. ಪಕ್ಕದ ಮನೆಯವರು ಕ್ರಿಸ್‌ಮಸ್ ಊಟಕ್ಕೆ ಕರೆದು ತಿಂಡಿಯಲ್ಲಿ ಏನಿದೆಯೆಂದು ಹೇಳದಿದ್ದಾಗ ನೊಂದುಕೊಂಡ ನಾನು, ನಮ್ಮ ಸಂಘದ ಸಮಿತಿಯಲ್ಲಿ ಒಂಬತ್ತು ವರ್ಷ ಕುಳಿತೂ, ಕನ್ನಡದ ಹೆಸರಿನಲ್ಲಿ ಕರೆದ ಸಭೆಗೆ ಪೂಜೆಯ ಬಾಗಿಲಿನಿಂದಲೇ ಒಳಬರಬೇಕಾದವರು ಇದ್ದಾರೆಂದು ಗಮನಿಸಿರಲಿಲ್ಲ. ಗಮನಕ್ಕೆ ತಂದವರು ನಿಮ್ಮ ಹಾಗೆಯೇ ಕರಾವಳಿಯ ಒಬ್ಬ ಮಿತ್ರರು. ದೂರಲಿಲ್ಲ, ಒಂದು ಯುಗಾದಿಯಂದು ಪಾತ್ರೆ ತೊಳೆಯುವಾಗ ತಮಾಷೆಯಾಗಿ ಹೇಳಿದರು. ಪೂಜೆಯನ್ನು ನಿಲ್ಲಿಸಬೇಕೆಂದು ಅವರು ಕೇಳಲಿಲ್ಲ, ನಿಲ್ಲಿಸಿದ್ದರೆ ಅನೇಕ ಹಿರಿಯರಿಗೆ ಆ ದೇಶದಲ್ಲಿದ್ದ ಒಂದೇ ಸಾಮೂಹಿಕ ಪೂಜೆ ತಪ್ಪಿಹೋಗುತ್ತಿತ್ತು. ಆದರೆ ರಾಜ್ಯೋತ್ಸವವನ್ನು ನಾಡಗೀತೆಯಿಂದ ತೊಡಗಿಸಲು ಯಾವ ಅಡ್ಡಿಯೂ ಇರಲಿಲ್ಲ. ಹಬ್ಬದ ಸಭೆಗಳಲ್ಲೂ ಪೂಜೆಯನ್ನು ಬೇರೆ ಹೊತ್ತಿಗೆ ಇಡಬಹುದಾಗಿತ್ತು.

ನಿಮ್ಮ ಸಂಘದ ಕಾರ್ಯದರ್ಶಿಗೆ, ನನಗೆ ಬರೆದಷ್ಟೇ ಸರಳವಾಗಿ, ಒಂದು ಪತ್ರ ಬರೆಯಿರಿ. ಅವರಿಗೆ ಹೊಳೆದಿರಲಾರದು. ನಮ್ಮಲ್ಲಿ ಸಮಿತಿಯಲ್ಲಿ ಎರಡು ಸಂಜೆ ಚರ್ಚೆಯಾಯಿತು, ಒಬ್ಬರು ರಾಜೀನಾಮೆಯ ಮಾತೂ ಆಡಿದರು, ಕೊಡಲಿಲ್ಲ. ಮರುವರ್ಷದ ಆಹ್ವಾನಪತ್ರದಲ್ಲಿ ಪೂಜೆ ಹತ್ತು ಗಂಟೆಗೆ, ಕಾರ್ಯಕ್ರಮ ಹನ್ನೊಂದು ಗಂಟೆಗೆ ಎಂದು ಎರಡು ಸಾಲು ಅಚ್ಚಾಯಿತು. ಆ ಮಿತ್ರರು ಬಂದದ್ದು ಮಾತ್ರ ಒಂಬತ್ತೂವರೆಗೆ; ಕುರ್ಚಿ ಜೋಡಿಸಲು ಜನ ಸಾಲುವುದಿಲ್ಲವೆಂದು ಅವರಿಗೆ ಗೊತ್ತಿತ್ತು.